ಅಜ್ಜಂಪುರದ ಚಿನ್ನದ ಗುಂಡಿಗೆ ಪತ್ರ ಮಾಡಿಸಲು ಹೋದದ್ದು

ಕಡೂರಿನಲ್ಲಿ ರೈಲು ಇಳಿದಾಗ ಬೆಳಗಿನ ಏಳು ಗಂಟೆ. ಎಂಬತ್ತರ ದಶಕದ ಒಂದು ಡಿಸೆಂಬರ್. ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ವಕೀಲಿ ವೃತ್ತಿಗೆ ಸೇರಿ ಆರು ತಿಂಗಳಾಗಿತ್ತು, ಕರಿ ಕೋಟು ಇನ್ನೂ ಹೊಸದು. ನಾಲ್ಕು ಜನ ನೋಡಲಿ ಎಂದು ಚಳಿಯ ನೆಪದಲ್ಲಿ ಅದನ್ನು ತೊಟ್ಟುಕೊಂಡೇ ಬಂದಿದ್ದೆ. ಸ್ಟೇಷನ್ ಹೊರಗಿನ ಹೋಟೆಲಿನವನು ನೋಡಿದವನೇ, "ಟಿ.ಸಿ. ಸಾಹೇಬ್ರಿಗೆ ಒಂದು ಕಾಫಿ!" ಎಂದು ಒಳಗೆ ಕೂಗಿದ. ಕಾಫಿ ಕುಡಿದು ಕೋಟನ್ನು ಮಡಿಸಿ ಚೀಲಕ್ಕೆ ಸೇರಿಸಿದೆ. ಆಮೇಲೆ ಪ್ರವಾಸ ಮುಗಿಯುವವರೆಗೆ ಅದು ಹೊರಗೆ ಬರಲಿಲ್ಲ.

ಬೆಂಗಳೂರಿನ ನನ್ನ ಸೀನಿಯರ್ ಒಪ್ಪಿಸಿದ್ದ ಕೆಲಸ ಸಣ್ಣದು. ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ ಬಳಸಿ ಬಿಟ್ಟ, ವಿಕಿರಣ ಸೂಸುವ ಸಾಮಾನನ್ನು ಸಿಮೆಂಟಿನ ಪೀಪಾಯಿಯೊಳಗಿಟ್ಟು ಹೂಳಲು ಒಂದು ಕಂಪನಿ ಜಾಗ ಹುಡುಕುತ್ತಿತ್ತು. ಸರ್ಕಾರದ ಪರವಾನಗಿ ಇನ್ನೂ ಬಂದಿರಲಿಲ್ಲ. ಮೊದಲು ಜಾಗ ಕೈಗೆ ಬರಲಿ ಎಂದು ಅವರಿಗೆ ಅವಸರ. ಅಜ್ಜಂಪುರದ ಹತ್ತಿರ ಯಾರೋ ಯಾವ ಕಾಲದಲ್ಲೋ ಚಿನ್ನಕ್ಕೆಂದು ತೋಡಿ ಬಿಟ್ಟುಹೋದ ಆಳವಾದ ಗುಂಡಿಯೊಂದು ಸಿಕ್ಕಿತ್ತು. ಜಮೀನಿನ ಒಡತಿ ಸಿದ್ದಮ್ಮ ಎಂಬಾಕೆ. ಇಂಗ್ಲಿಷಿನ ಕರಾರನ್ನು ತರೀಕೆರೆಯಲ್ಲಿ ಕನ್ನಡ ಪತ್ರ ಮಾಡಿಸಿ, ಮಾರನೆಯ ದಿನ ಆಕೆಯ ಹೆಬ್ಬೆಟ್ಟು ಹಾಕಿಸಿಕೊಂಡು ಬರಬೇಕು, ಅಷ್ಟೇ.

ಕಡೂರಿನಿಂದ ತರೀಕೆರೆಗೆ ಬಸ್ಸಿನಲ್ಲಿ ಮೂರು ರೂಪಾಯಿ. ಬೀರೂರು ದಾಟಿದ ಮೇಲೆ ಎಡಗಡೆಗೆ ಬಾಬಾಬುಡನ್ ಬೆಟ್ಟಸಾಲು ನೀಲಿಯಾಗಿ ಜೊತೆಗೇ ಬಂತು. ರಾಗಿ ಕೊಯ್ದ ಹೊಲಗಳಲ್ಲಿ ಮೆದೆಗಳು, ಬಸ್ಸಿನ ತುಂಬ ಸೊಗಡಿನ ಅವರೆಕಾಯಿ ವಾಸನೆ. ಪಕ್ಕದಲ್ಲಿದ್ದ ಮುದುಕರು ನನ್ನ ಹೆಗಲ ಮೇಲೆ ಲಿಂಗದಹಳ್ಳಿ ಕ್ರಾಸಿನವರೆಗೆ ನಿದ್ದೆ ಮಾಡಿ, ಇಳಿಯುವಾಗ "ಒಳ್ಳೆ ಹೆಗ್ಲು ಕಣಪ್ಪಾ" ಎಂದು ಹರಸಿದರು. ನನಗೆ ಯಾಕೋ ಬಹಳ ಖುಷಿಯಾಗಿತ್ತು.

ತರೀಕೆರೆಯ ನೋಂದಣಿ ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಪತ್ರ ಬರೆಯುವ ಶೇಷಪ್ಪನವರು ಕೂತಿದ್ದರು. ಮೂಗಿನ ತುದಿಗೆ ಕನ್ನಡಕ, ಮುಂದೆ ಮೊಣಕಾಲೆತ್ತರದ ಮೇಜು. ನಲವತ್ತು ವರ್ಷದಿಂದ ತಾಲ್ಲೂಕಿನ ಅರ್ಧ ಜಮೀನು ಅವರ ಕೈಬರಹದಲ್ಲೇ ಕೈ ಬದಲಾಯಿಸಿತ್ತಂತೆ. ನನ್ನ ಹನ್ನೆರಡು ಪುಟಗಳನ್ನು ತೂಗಿ ನೋಡಿ, "ಇಂಗ್ಲಿಷ್ ನನಗೆ ಬರಲ್ಲ ಸ್ವಾಮಿ. ತಾತ್ಪರ್ಯ ಹೇಳಿ" ಎಂದರು.

ಹೇಳಿದೆ. ಕಂಪನಿ ಗುಂಡಿಯಲ್ಲಿ ಪೀಪಾಯಿ ಹೂಳುತ್ತದೆ. ಬದಲಿಗೆ ಆಕೆಗೆ ಬೋರ್‌ವೆಲ್ ಕೊರೆಸಿಕೊಡುತ್ತದೆ. ಐದು ವರ್ಷ ಕಂಪನಿಯ ಜವಾಬ್ದಾರಿ, ಆಮೇಲೆ ಗುಂಡಿ, ಅದರೊಳಗಿನದು ಎಲ್ಲವೂ ಆಕೆಯದೇ.

"ಅಷ್ಟೇ ತಾನೆ? ಮಿಕ್ಕಿದ್ದು ನನ್ನ ಕೈಗೇ ಗೊತ್ತು. ನಾಳೆ ಬನ್ನಿ" ಎಂದರು ಶೇಷಪ್ಪ.

ಮಧ್ಯಾಹ್ನದ ಬಸ್ಸಿಗೆ ಅಜ್ಜಂಪುರ, ಅಲ್ಲಿಂದ ಮೂರು ಮೈಲಿ ನಡಿಗೆ. ದಾರಿಯಲ್ಲಿ ಅಮೃತಮಹಲ್ ಹಸುಗಳ ಹಿಂಡೊಂದು ಕೊಂಬು ಎತ್ತಿ ನಿಂತು ನನ್ನನ್ನು ಪರಿಶೀಲಿಸಿತು. ನಾನೇ ಬದಿಗೆ ಸರಿದೆ. ಸಿದ್ದಮ್ಮ ಅರುವತ್ತರ ಹತ್ತಿರದ ಗಟ್ಟಿ ಹೆಂಗಸು. ಬಂದವನು ಯಾರೆಂದು ಕೇಳುವ ಮೊದಲೇ ರಾಗಿ ರೊಟ್ಟಿ, ಹಿದುಕಿದವರೆ ಸಾರು ಮುಂದಿಟ್ಟರು. ನಾಲ್ಕು ರೊಟ್ಟಿ ತಿಂದ ಮೇಲೆ, "ಈಗ ಹೇಳಪ್ಪ, ಯಾರು ನೀನು?" ಎಂದರು.

ಪೀಪಾಯಿಯ ವಿಷಯವನ್ನು ಕಂಪನಿಯವರು ಮೊದಲೇ ಹೇಳಿಹೋಗಿದ್ದರು. ಮಾತು ಪತ್ರಕ್ಕೆ ಬರುತ್ತಲೇ ಸಿದ್ದಮ್ಮ ಎದ್ದು ಹೊರಟರು. "ನಮ್ಮೂರಲ್ಲಿ ಜಮೀನಿನ ಮಾತು ಮನೇಲಿ ಆಡಂಗಿಲ್ಲ. ಬಾ."

ಹೊಲದ ಬದುವಿನಲ್ಲಿ ಎದೆಮಟ್ಟದ ಕಲ್ಲೊಂದಿತ್ತು. ನೆತ್ತಿಯಲ್ಲಿ ಸೂರ್ಯ, ಅರ್ಧಚಂದ್ರ, ಕೆಳಗೆ ಹಸು, ಕರು, ಅಕ್ಷರಗಳು ಸವೆದಿದ್ದವು. ಕಲ್ಲಿನಾಚೆ ಅವರ ಬಾವಿ, ಬಾವಿಯಿಂದ ನೂರು ಹೆಜ್ಜೆಗೆ ಆ ಗುಂಡಿ.

"ಕೆರೆ ನೋಡ್ಕೊಳ್ಳೋರಿಗೆ ಅಂತ ಕೊಟ್ಟ ಜಮೀನು ಕಣಪ್ಪ ಇದು. ಸೂರ್ಯ ಚಂದ್ರ ಇರೋಗಂಟ ಅಂತ ಮಾತು. ಕೊಟ್ಟೋರ ಮನೆತನ ಇಲ್ಲ, ರಾಜ್ಯನೂ ಇಲ್ಲ. ನಮ್ಮನೇರು ಮಾತ್ರ ಈಗ್ಲೂ ವರ್ಷಕ್ಕೊಂದ್ಸಲ ಕೆರೆ ತೂಬಿನ ಕೆಸರು ತೆಗೀತೀವಿ. ಇಡು, ಕಲ್ಲಿನ ಮೇಲೆ ಕೈ ಇಡು."

ಇಟ್ಟೆ. ಬಿಸಿಲಿಗೆ ಬೆಚ್ಚಗಿತ್ತು.

"ಆ ಪೀಪಾಯಿ ಒಳಗಿಂದು ಎಷ್ಟು ವರ್ಷ ಕೆಟ್ಟದ್ದು ಮಾಡ್ತದೆ?"

ಬೆಂಗಳೂರಿನಲ್ಲಾಗಿದ್ದರೆ ಇದಕ್ಕೆ ಸುತ್ತುಬಳಸಿನ ಉತ್ತರ ಕೊಡುತ್ತಿದ್ದೆ. ಕೈ ಕಲ್ಲಿನ ಮೇಲಿತ್ತು. "ಕೆಲವದರ ಶಕ್ತಿ ಮೂವತ್ತು ವರ್ಷಕ್ಕೆ ಅರ್ಧ ಆಗುತ್ತಮ್ಮ. ಕೆಲವಕ್ಕೆ ಅರ್ಧ ಆಗೋಕೇ ಸಾವಿರ ವರ್ಷದ ಮೇಲೆ ಬೇಕು."

"ಬಾವಿಗೆ ಇಳಿದ್ರೆ?"

"ಇಳಿಯಲ್ಲ ಅಂತಾರೆ. ಇಳಿದರೆ ಐದು ವರ್ಷ ಕಂಪನಿ ನೋಡಿಕೊಳ್ಳುತ್ತೆ. ಆಮೇಲೆ ಯಾರು ಅನ್ನೋದು ನನಗೂ ಗೊತ್ತಿಲ್ಲ."

ಸಿದ್ದಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. "ಚೆನ್ನಾಗೈತೆ! ಹೆರೋರು ಅವರು, ಸಾಕೋರು ನಾವಾ? ಅದ್ಸರಿ ಲಾಯ್ರಪ್ಪ, ಕಂಪ್ನಿ ಸತ್ರೆ ಅದಕ್ಕೆ ಮಕ್ಕಳು ಇರ್ತಾರಾ?"

ಕಾನೂನು ಕಾಲೇಜಿನಲ್ಲಿ ಮೂರು ವರ್ಷ ಕಳೆದರೂ ಯಾರೂ ನನ್ನನ್ನು ಇಷ್ಟು ಸಲೀಸಾಗಿ ಫೇಲು ಮಾಡಿರಲಿಲ್ಲ. ಆದರೆ ಆಕೆಗೂ ಆಸೆ ಇಲ್ಲದಿರಲಿಲ್ಲ. ಬೇಸಿಗೆಯಲ್ಲಿ ಬಾವಿ ತಳ ಕಾಣುತ್ತದೆ, ಬೋರ್‌ವೆಲ್ ಬಂದರೆ ಸೊಸೆ ಕೊಡ ಹೊರುವುದು ತಪ್ಪುತ್ತದೆ. "ಆಗ್ಲಿ, ನಾಳೆ ಪತ್ರ ಓದೋದು ಕೇಳ್ತೀನಿ. ಆಮ್ಯಾಕೆ ನೋಡನ" ಎಂದರು. ಅವರ ಜಗಲಿಯಲ್ಲಿ ಕಂಬಳಿ ಹೊದ್ದು ಸೊಗಸಾಗಿ ನಿದ್ದೆ ಮಾಡಿದೆ.

ಮಾರನೆಯ ದಿನ ಒಂದು ಗಂಟು ಅವರೆಕಾಯಿಯನ್ನು ನನ್ನ ತಲೆಗೆ ಕಟ್ಟಿ, ಸಿದ್ದಮ್ಮ ಹಬ್ಬದ ಸೀರೆಯುಟ್ಟು ಬಸ್ಸು ಹತ್ತಿದರು. ತರೀಕೆರೆಗೆ ಕಂಪನಿಯ ಮ್ಯಾನೇಜರು ಜೀಪಿನಲ್ಲಿ ಬಂದಿದ್ದರು. ಸಭ್ಯರು, ಸಿದ್ದಮ್ಮನಿಗೆ ಕೈಮುಗಿದು ಕುರ್ಚಿ ಹಾಕಿಸಿದರು. ಶೇಷಪ್ಪ ಮೊದಲು ಆಕೆಯ ಎಡ ಹೆಬ್ಬೆಟ್ಟಿಗೆ ಜಿಗುಟಾದ ಮಸಿ ಹಚ್ಚಿ ಸಿದ್ಧ ಮಾಡಿ, ಆಮೇಲೆ ಪತ್ರ ಓದಲು ಶುರು ಮಾಡಿದರು. ಅದು ಅವರ ಪದ್ಧತಿ: ಮಸಿ ಹತ್ತಿದ ಮೇಲೆ ಯಾರೂ ಎದ್ದು ಎಲೆಯಡಿಕೆಗೆ ಹೋಗುವುದಿಲ್ಲವಂತೆ.

ಗುಂಡಿಯ ನಾಲ್ಕೂ ದಿಕ್ಕಿನ ಚಕ್ಕುಬಂದಿ ಬಂತು, ಪೀಪಾಯಿ ಬಂತು, ಬೋರ್‌ವೆಲ್ ಬಂತು, ಐದು ವರ್ಷವೂ ಬಂತು. ಮುಗಿಯಿತೆಂದುಕೊಂಡೆ. ಶೇಷಪ್ಪ ಉಸಿರು ತೆಗೆದುಕೊಂಡು ರಾಗವಾಗಿ ಮುಂದುವರಿಸಿದರು: "ಐದು ವರ್ಷವಾದ ಮೇಲೂ ಸದರಿ ಪೀಪಾಯಿಗಳ ಬಾಬ್ತು ಯಾವುದೇ ತಂಟೆ, ತಕರಾರು, ಬಾಧೆ ತಲೆದೋರಿದಲ್ಲಿ ಕೊಟ್ಟವರಾದ ಕಂಪನಿಯವರೂ ಅವರ ವಾರಸುದಾರರೂ ಸ್ವಂತ ಖರ್ಚಿನಿಂದ ನಿವಾರಣೆ ಮಾಡಿಕೊಡತಕ್ಕದ್ದು. ಈ ಕಟ್ಟುಪಾಡು ಸೂರ್ಯ ಚಂದ್ರರಿರುವ ಪರ್ಯಂತ ನಡೆಯತಕ್ಕದ್ದು."

ಮ್ಯಾನೇಜರು ಬೆಚ್ಚಿಬಿದ್ದರು. "ಏನ್ರೀ ಇದು? ಕರಾರಿನಲ್ಲಿ ಇಲ್ಲದ್ದನ್ನು ಬರೆದಿದ್ದೀರಲ್ಲ?"

ಶೇಷಪ್ಪನವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಎಲ್ಲಾ ಪತ್ರಕ್ಕೂ ಬರೆಯೋದೇ ಸ್ವಾಮಿ. ಕೊಟ್ಟೋರೇ ತಂಟೆ ಬಿಡಿಸಿಕೊಡಬೇಕು. ಜಮೀನು ಕೊಟ್ಟರೆ ಜಮೀನಿನೋರು, ಎತ್ತು ಕೊಟ್ಟರೆ ಎತ್ತಿನೋರು. ಇಲ್ಲಿ ಪೀಪಾಯಿ ಕೊಡೋರು ನೀವಲ್ಲವಾ?"

"ಹೊಡೆದು ಹಾಕಿ ಅದನ್ನ."

"ಹೊಡೆದ್ರೆ ನಾನು ಒತ್ತಾಕಿಲ್ಲ" ಎಂದರು ಸಿದ್ದಮ್ಮ, ಕಪ್ಪು ಹೆಬ್ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು. "ಕೆಡಲ್ಲ ಅಂತೀರಲ್ಲ ಸ್ವಾಮಿ. ಕೆಡದೇ ಇದ್ರೆ ಬರಕೊಡಾಕೆ ಏನು ಕಷ್ಟ?"

ಮ್ಯಾನೇಜರು ನನ್ನ ಕಡೆ ತಿರುಗಿದರು. "ವಕೀಲರೇ, ಇವರಿಗೆ ತಿಳಿಸಿ ಹೇಳಿ. ಇದು ತಪ್ಪು ತಾನೇ?"

ಆ ಕಂಪನಿ ನನ್ನ ಸೀನಿಯರ್ ಅವರ ಕಕ್ಷಿಗಾರ. ತಪ್ಪು ಎನ್ನುವುದೇ ನನ್ನ ಕೆಲಸ. ಅಂಗೈಯಲ್ಲಿ ಇನ್ನೂ ಆ ಕಲ್ಲಿನ ಬಿಸುಪು ಇದ್ದಂತಿತ್ತು. "ಅಭ್ಯಾಸಬಲದಿಂದ ಬರೆದಿದ್ದಾರೆ ಸಾರ್. ಆದರೆ ತಪ್ಪು ಬರೆದಿಲ್ಲ" ಎಂದೆ.

ಮ್ಯಾನೇಜರು ಬೆಂಗಳೂರಿನಲ್ಲಿ ಕೇಳಿಕೊಂಡು ಬರುತ್ತೇನೆಂದು ಜೀಪು ಹತ್ತಿದರು. ಮತ್ತೆ ಬರಲಿಲ್ಲ. ನಾವು ಮೂವರು ಎದುರಿನ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ಶೇಷಪ್ಪ ಸೂರ್ಯ ಚಂದ್ರರ ವಾಕ್ಯವನ್ನು ಇನ್ನೊಮ್ಮೆ ರಾಗವಾಗಿ ಹೇಳಿದರು. ಸಿದ್ದಮ್ಮ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡರು.

"ಬೋರ್‌ವೆಲ್ ಹೋಯ್ತಲ್ಲಮ್ಮ" ಎಂದೆ.

"ಹೋದ್ರೆ ಹೋಯ್ತು. ಬಾವಿ ಉಳೀತಲ್ಲ" ಎಂದು ನನ್ನ ತೋಳು ಹಿಡಿದು ಅಜ್ಜಂಪುರದ ಬಸ್ಸು ಹತ್ತಿದರು. ಬಸ್ಸು ತಿರುಗುವವರೆಗೂ ಕಿಟಕಿಯಿಂದ ಕೈ ಬೀಸುತ್ತಲೇ ಇದ್ದರು.

ಸಂಜೆ ಕಡೂರಿನಲ್ಲಿ ರೈಲು ಹತ್ತಿದೆ. ಬೆಂಗಳೂರಿನಲ್ಲಿ ಸೀನಿಯರು ಬೈದರು, ಚೆನ್ನಾಗಿಯೇ ಬೈದರು. ಆ ಕಂಪನಿ ಐದು ವರ್ಷ ತುಂಬುವ ಮೊದಲೇ ಬಾಗಿಲು ಮುಚ್ಚಿತು. ಮಕ್ಕಳೂ ಇರಲಿಲ್ಲ, ಮೊಮ್ಮಕ್ಕಳೂ ಇರಲಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು. ಅಂದು ಗಾಡಿ ಹೊರಟ ಮೇಲೆ ಅವರೆಕಾಯಿ ಗಂಟನ್ನು ಮೇಲಿಡಲು ಕೈ ಎತ್ತಿದಾಗ ಕಂಡಿತು: ನನ್ನ ಬಿಳಿ ಅಂಗಿಯ ತೋಳಿನ ಮೇಲೆ, ಗೆರೆ ಗೆರೆಯೂ ಸ್ಪಷ್ಟವಾಗಿ, ಸಿದ್ದಮ್ಮನ ಹೆಬ್ಬೆಟ್ಟು. ಆ ಅಂಗಿಯನ್ನು ನಾನು ಒಗೆಯಲು ಹಾಕಲಿಲ್ಲ.