ಹಸಿರು ಗಾಜು, ನನ್ನ ದೊಡ್ಡ ಮನಸ್ಸು

ಅಥಣಿಯ ನಮ್ಮ ಓಣಿಯಲ್ಲಿ ಚಪ್ಪಲಿ ಮಾಡುವವರ ಮನೆಯೊಂದಿದೆ. ಅದರ ಮುಂದೆ ಹಾದುಹೋಗುವಾಗ ನಾನು ಮೊಬೈಲ್ ಕಿವಿಗೆ ಹಿಡಿದುಕೊಂಡು, "ಹಾಂ, ಹಾಂ, ಬಂದ್ನಿ" ಎನ್ನುತ್ತ ನಡೆಯುತ್ತೇನೆ. ಯಾರ ಫೋನೂ ಬಂದಿರುವುದಿಲ್ಲ. ಐವತ್ತು ದಾಟಿದ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹೆಂಗಸು ಹೀಗೆ ಕಳ್ಳಬೆಕ್ಕಿನಂತೆ ಓಡಾಡುವುದಕ್ಕೆ ಕಾರಣ ಒಂದು ಟೆಲಿಸ್ಕೋಪು. ಅಲ್ಲ, ಪಾಪ, ಅದರ ಮೇಲೇಕೆ ಗೂಬೆ ಕೂರಿಸಲಿ? ಕಾರಣ ನಾನೇ.

ಆ ಮನೆಯ ಸೊಸೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತೇನೆ. ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ಈ ಕಡೆ ಮರಾಠಿಯಿಂದ ಬಂದ ಆ ಮಾತಿನಲ್ಲಿ ಸಲಿಗೆಯೂ ಇದೆ, ಮರ್ಯಾದೆಯೂ ಇದೆ. ಗಂಡ ಅಟ್ಟೆ ಕತ್ತರಿಸುತ್ತಾರೆ, ಅತ್ತೆ ಹೊಲಿಯುತ್ತಾರೆ, ವೈನಿ ಮೇಲಿನ ಪಟ್ಟಿಯ ಜಡೆ ಹೆಣೆಯುತ್ತಾರೆ. ದಾರದಷ್ಟು ಸಣ್ಣಗೆ ಸೀಳಿದ ತೊಗಲಿನ ಎಳೆಗಳು. ಒಂದೆಳೆ ತಪ್ಪಿದರೆ ಇಡೀ ಜೋಡಿ ವಾಪಸು ಬರುತ್ತದೆ. ಬಾಗಿಲ ಬೆಳಕಿಗೆ ಕೂತು ಅವರು ಹೆಣೆಯುವುದನ್ನು ನೋಡಿದರೆ ಕೈಗಿಂತ ಕಣ್ಣೇ ಹೆಚ್ಚು ದುಡಿಯುತ್ತದೆ ಎಂದು ಯಾರಿಗಾದರೂ ತಿಳಿಯುತ್ತದೆ. ನನಗೂ ತಿಳಿದಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಟೆಲಿಸ್ಕೋಪು ಕೊಲ್ಲಾಪುರದ ಹಳೇ ಸಾಮಾನಿನ ಅಂಗಡಿಯದು. ಸ್ಟ್ಯಾಂಡಿನ ಮೂರು ಕಾಲುಗಳಲ್ಲಿ ಒಂದು ಕುಂಟು. ಅದರ ಡಬ್ಬಿಯಲ್ಲಿ ನಾಣ್ಯದಷ್ಟು ಅಗಲದ ಕಡು ಹಸಿರು ಗಾಜೊಂದು ಇತ್ತು. ಕಣ್ಣಿಡುವ ತುದಿಗೆ ಅದನ್ನು ತಿರುವಿ ಕೂರಿಸಿದರೆ ಸೂರ್ಯನನ್ನು ನೋಡಬಹುದು ಎಂದು ಹಿಂದೆ ಮಾರುತ್ತಿದ್ದರು. ಅದರಷ್ಟು ಅಪಾಯದ ವಸ್ತು ಇನ್ನೊಂದಿಲ್ಲ. ಮುಂದಿನ ದೊಡ್ಡ ಮಸೂರ ಒಟ್ಟುಮಾಡಿದ ಬಿಸಿಲೆಲ್ಲ ಬಂದು ಬೀಳುವುದು ಆ ಚಿಕ್ಕ ಗಾಜಿನ ಮೇಲೆಯೇ. ಅದು ಕಾದು ಸೀಳಿತೆಂದರೆ ಹಿಂದೆ ಇರುವುದು ಕಣ್ಣು. "ಇಂಥಾದ್ದು ಸಿಕ್ಕರ ಮೊದಲ ಸುತ್ತಿಗಿ ತಗೊಂಡ ಒಡೀರಿ" ಎಂದು ತರಗತಿಯಲ್ಲಿ ಜೋರು ಮಾಡಿ ಹೇಳಿದ್ದೆ. ಹೇಳಿ, ಮನೆಗೆ ಬಂದು, ಅದನ್ನು ಹತ್ತಿಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೆ. ಬಂದ ಸಾಮಾನು ಒಗೆಯಲು ಕೈ ಬರಲಿಲ್ಲ.

ಸೂರ್ಯನನ್ನು ನೋಡಲು ದೊಡ್ಡ ಖರ್ಚೇನೂ ಬೇಕಿಲ್ಲ, ಕಣ್ಣಿಡುವ ಆಸೆಯೊಂದನ್ನು ಬಿಟ್ಟರೆ ಸಾಕು. ಕೊಳವೆಯ ಮುಂದಿನ ಬಾಯಿಗೆ ತೂತು ಮಾಡಿದ ರಟ್ಟು ಹಚ್ಚಿ ಬಿಸಿಲು ಕಡಿಮೆ ಮಾಡಿಕೊಳ್ಳಬೇಕು. ಗುರಿ ಹಿಡಿಯಲು ಕೊಳವೆಯ ಪಕ್ಕಕ್ಕೆ ಕೂರಿಸಿದ ಪುಟ್ಟ ದುರ್ಬೀನಿಗೆ ಮುಚ್ಚಳ ಹಾಕಬೇಕು. ಆಮೇಲೆ ನೆಲದ ಮೇಲಿನ ಕೊಳವೆಯ ನೆರಳು ತೀರಾ ಚಿಕ್ಕದಾಗುವವರೆಗೆ ತಿರುಗಿಸುತ್ತ ಹೋದರೆ ಅದು ಸೂರ್ಯನಿಗೇ ಮುಖ ಮಾಡಿರುತ್ತದೆ. ಕಣ್ಣಿಡುವ ಜಾಗದಿಂದ ಗೇಣುದ್ದ ಹಿಂದೆ ಬಿಳಿ ಕಾಗದ ಹಿಡಿದರೆ ಸೂರ್ಯ ತಾನಾಗಿ ಬಂದು ಅದರ ಮೇಲೆ ಬೀಳುತ್ತಾನೆ, ಮೈಮೇಲಿನ ಕಲೆಗಳ ಸಮೇತ. ನಾನು ಸೀರೆ ಅಂಗಡಿಯ ರಟ್ಟಿನ ಡಬ್ಬಿಯೊಳಗೆ ಕಾಗದ ಅಂಟಿಸಿಕೊಂಡಿದ್ದೆ. ಹತ್ತು ಜನ ಸುತ್ತ ನಿಂತು ಒಟ್ಟಿಗೆ ನೋಡಬಹುದು, ಯಾರ ಕಣ್ಣಿಗೂ ಏನೂ ಆಗುವುದಿಲ್ಲ.

ರಥಸಪ್ತಮಿಯ ಬೆಳಿಗ್ಗೆ ನಮ್ಮ ಓಣಿಯ ಹೆಂಗಸರು ಅಂಗಳದಲ್ಲಿ ಸಗಣಿ ಕುಳ್ಳಿನ ಬೆಂಕಿ ಮಾಡಿ, ಪುಟ್ಟ ಮಡಕೆಯಲ್ಲಿ ಹಾಲು ಉಕ್ಕಿಸಿ ಸೂರ್ಯನಿಗೆ ಕೈಮುಗಿಯುತ್ತಾರೆ. ಹೇಗೂ ಎಲ್ಲರೂ ಹೊರಗಿರುತ್ತಾರಲ್ಲ ಎಂದು ಆ ದಿನವೇ ಟೆಲಿಸ್ಕೋಪು ಹೊರಗಿಟ್ಟೆ. ಕಾಗದದ ಮೇಲೆ ಅಂಗೈಯಷ್ಟು ಸೂರ್ಯ ಬಿದ್ದ. ಅಂಚಿನ ಹತ್ತಿರ ಸಾಸಿವೆಯಂಥ ಮೂರು ಕಲೆಗಳಿದ್ದವು. ಒಬ್ಬ ಅಜ್ಜಿ ಭಕ್ತಿಯಿಂದ ಬಂದವಳೇ ಕಾಗದದ ಮೇಲಿನ ಸೂರ್ಯನಿಗೆ ಕುಂಕುಮ ಹಚ್ಚಿಬಿಟ್ಟಳು. ಆಮೇಲೆ ಬಂದವರೆಲ್ಲ ಅದನ್ನೇ ದೊಡ್ಡ ಕಲೆ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರವರೆಗೆ ಎಲ್ಲ ಚೆನ್ನಾಗಿತ್ತು.

ಆಗ ನಮ್ಮ ಓಣಿಯ ಸಾಹುಕಾರರು ಬಂದರು. ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಕಾಗದ ನೋಡಿ ಮೂಗು ಮುರಿದರು.

"ಟೀಚರ, ಇದ ಟಿವ್ಯಾಗ ದೇವರ ನೋಡಿದಂಗ ಆತಲ್ರಿ. ಯಡೂರಿಗೆ ಹೋಗಿ ಈರಭದ್ರನ ಫೋಟೋ ನೋಡಿ ಬರ್ತೇವೇನ್ರಿ? ದರ್ಶನ ಅಂದ್ರ ನೇರ ಆಗಬೇಕ."

ಜನ ನಕ್ಕರು. ನೇರ ನೋಡಿದರೆ ಕಣ್ಣು ಹೋಗುತ್ತದೆ ಎಂದು ಅಲ್ಲೇ ಹೇಳಬೇಕಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಟೆಲಿಸ್ಕೋಪಿಗೆ ಟಿವಿ ಅಂದರಲ್ಲ! "ನೇರನೂ ಕಾಣ್ತೈತ್ರಿ, ತಡೀರಿ" ಎಂದು ದಡದಡ ಒಳಗೆ ಹೋಗಿ ಹಸಿರು ಗಾಜು ತಂದು ಕೂರಿಸಿದೆ. ಅದರಲ್ಲಿ ಸೂರ್ಯ ಮಂಕಾಗಿ ಕಂಡಾನು ಎಂದು ಮುಂದಿನ ರಟ್ಟನ್ನೂ ಕಿತ್ತೆ. ಒಂದು ತಪ್ಪು ಸಾಲದೆಂದು ಎರಡು ಮಾಡಿದೆ.

ಸಾಹುಕಾರರು ರೆಪ್ಪೆ ಬಡಿಯುವಷ್ಟು ಹೊತ್ತು ನೋಡಿ, "ಹಾಂ, ಇದ ನೋಡ್ರಿ ದರ್ಶನ" ಎಂದರು. ನಾನು ಉಬ್ಬಿಹೋದೆ. ಅಷ್ಟು ಹೊತ್ತೂ ಗಾಜು ಕಾಯುತ್ತಲೇ ಇತ್ತು.

"ನಾನೂ ನೋಡ್ಲೇನ್ರಿ ಟೀಚರ?" ಎಂದು ವೈನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಬಗ್ಗಿ ಬಲಗಣ್ಣಿಟ್ಟರು. "ಹಸರ ಹಪ್ಪಳದಂಗ ಕಾಣ್ತೈತ್ರಿ."

"ಕರೀ ಚುಕ್ಕಿ ಕಂಡೂವೇನ್ರಿ?"

"ಇಲ್ರಿ."

ಸಾಹುಕಾರರು ಇನ್ನೂ ಅಲ್ಲೇ ನಿಂತಿದ್ದರು. ನನ್ನ ಟೆಲಿಸ್ಕೋಪಿನಲ್ಲಿ ಚುಕ್ಕಿ ಕಾಣಲಿಲ್ಲ ಎಂದರೆ ಹೇಗೆ? "ಇನ್ನೊಂದೀಟ ನೋಡ್ರಿ ವೈನಿ. ಎಡಕ್ಕ ನೋಡ್ರಿ. ಇನ್ನೊಂದೀಟ" ಎಂದೆ. ನಾನು ಹೇಳಿದ್ದಕ್ಕೆ ಅವರು ನೋಡುತ್ತಲೇ ಇದ್ದರು.

ಟಪ್ ಎಂದು ಸದ್ದಾಯಿತು. ವೈನಿ ಹಾರಿಬಿದ್ದು ಕಣ್ಣು ಮುಚ್ಚಿಕೊಂಡರು. ನಾನು ಮೊದಲು ಮಾಡಿದ್ದು ಅವರ ಕಣ್ಣು ನೋಡುವುದನ್ನಲ್ಲ. ಎರಡು ಸೀಳಾದ ಗಾಜನ್ನು ಬಿಚ್ಚಿ, ಬೆರಳು ಸುಟ್ಟುಕೊಂಡು, ಯಾರೂ ನೋಡುವ ಮೊದಲು ಕೈಯೊಳಗೆ ಮುಚ್ಚಿಕೊಂಡೆ.

"ಅಯ್ಯ, ನನ್ನ ಕೈ ತಾಗಿ ಒಡೀತೇನ್ರಿ ಟೀಚರ?" ಎಂದರು ವೈನಿ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅವರಿಗೆ ಗಾಜಿನದೇ ಚಿಂತೆ.

"ಇರ್ಲಿ ಬಿಡ್ರಿ ವೈನಿ. ಹಳೇದ ಇತ್ತು" ಎಂದೆ.

"ಟೀಚರ ಮನಸ ದೊಡ್ಡದ" ಎಂದರು ಸಾಹುಕಾರರು. ನಾಲ್ಕು ಜನ ಹೌದು ಹೌದು ಎಂದು ತಲೆಯಾಡಿಸಿದರು. ನಾನು ಆ ಮಾತನ್ನು ಬೇಡ ಅನ್ನಲಿಲ್ಲ.

ಎರಡು ವಾರ ಕಳೆದ ಮೇಲೆ ವೈನಿಯ ಗಂಡ ನನ್ನ ಅಳತೆಯ ಒಂದು ಜೊತೆ ಚಪ್ಪಲಿ ತಂದರು. "ನಮ್ಮಾಕಿ ಕೈಲೆ ಲುಕ್ಸಾನ ಆಗೇತ್ರಿ, ಒಲ್ಲೆ ಅನಬ್ಯಾಡ್ರಿ" ಎಂದರು. ನಾನು ಇಸಿದುಕೊಂಡೆ. ನಾಚಿಕೆಗೆಟ್ಟವಳು, ಹಾಕಿಕೊಂಡೂ ನೋಡಿದೆ. ಎಡಗಾಲಿನ ಜಡೆಯಲ್ಲಿ ಎರಡು ಕಡೆ ಎಳೆ ತಪ್ಪಿತ್ತು. ವೈನಿಯ ಕೈಯಲ್ಲಿ ಅಂಥ ತಪ್ಪನ್ನು ನಾನು ಎಂದೂ ಕಂಡಿರಲಿಲ್ಲ. ಚಪ್ಪಲಿ ಬಿಚ್ಚಿಟ್ಟು ನೇರ ಅವರ ಮನೆಗೆ ಹೋದೆ.

"ಬಲಗಣ್ಣಾಗ ನಡುವ ಒಂದ ಕರೀ ಚುಕ್ಕಿ ಕುಂತೈತ್ರಿ ಟೀಚರ. ನಾ ಎಲ್ಲೆ ನೋಡ್ತೇನಿ ಅಲ್ಲೇ ಬರ್ತೈತಿ" ಎಂದರು ವೈನಿ. ಒಳಗಿನಿಂದ ಅವರ ಅತ್ತೆ, "ಮಂದಿ ಸಾಮಾನ ಒಡದ ಬಂದಾಳ, ಈಗ ಕೆಲಸಾನೂ ಕೆಡಸಾಕತ್ತಾಳ" ಎಂದು ಗೊಣಗುತ್ತಿದ್ದರು.

ಮರುದಿನ ವೈನಿಯನ್ನು ಮಿರಜಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿ, ಸೂರ್ಯನನ್ನು ನೋಡಿದ್ದಿರಾ ಎಂದು ಮರಾಠಿಯಲ್ಲಿ ಕೇಳಿದರು. ಟೀಚರ ದುರ್ಬೀನಿನಲ್ಲಿ ನೋಡಿದೆ, ನನ್ನ ಕೈ ತಾಗಿ ಗಾಜು ಒಡೆಯಿತು ಎಂದು ವೈನಿ ಹೇಳಿದರು. ಡಾಕ್ಟರು ನನ್ನ ಕಡೆ ತಿರುಗಿದರು. ನೀವು ಶಿಕ್ಷಕಿ, ಹಾಗೆ ನೋಡಬಾರದೆಂದು ಇವರಿಗೆ ಹೇಳಿರಲಿಲ್ಲವೇ?

ಹೇಳಿದ್ದೆ, ಎಂದೆ.

ನಾನು ಹೇಳಿದ್ದು ಇನ್ನೊಂದೀಟ ನೋಡ್ರಿ ಎಂದು. ವೈನಿ ಪಕ್ಕದಲ್ಲೇ ಕೂತಿದ್ದರು, ತಲೆ ತಗ್ಗಿಸಿದರು. ಇದಕ್ಕೆ ಔಷಧಿಯಿಲ್ಲ, ಕೆಲವು ತಿಂಗಳಲ್ಲಿ ತಾನಾಗಿ ಒಂದಿಷ್ಟು ಸುಧಾರಿಸಬಹುದು, ಪೂರ್ತಿ ಹೋಗದೆಯೂ ಇರಬಹುದು ಎಂದರು ಡಾಕ್ಟರು.

ವಾಪಸು ಬರುವಾಗ ಕಾಗವಾಡದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿಗೆ ಸಿಕ್ಕು ಬಸ್ಸು ನಿಂತಿತು. ಅಲ್ಲಿ ನನಗೆ ಇನ್ನು ಸುಮ್ಮನಿರಲು ಆಗಲಿಲ್ಲ. ಗಾಜು ಕಾದು ಒಡೆದದ್ದು, ಹಾಗೆ ಒಡೆಯುತ್ತದೆಂದು ನನಗೆ ಗೊತ್ತಿದ್ದದ್ದು, ಅವರ ಕೈಗೂ ಅದಕ್ಕೂ ಸಂಬಂಧವೇ ಇಲ್ಲ ಎಂಬುದು, ಎಲ್ಲ ಹೇಳಿದೆ. ವೈನಿ ಕಿಟಕಿಯಿಂದ ನನ್ನ ಕಡೆ ತಿರುಗಿದರು.

"ಹದಿನೈದ ದಿನಾ ನನ್ನ ಕೈಯೇ ಕೆಟ್ಟದ್ದು ಅಂತ ಅತ್ತೇನ್ರಿ ನಾ."

"ತಪ್ಪಾತ್ರಿ ವೈನಿ."

"ನನಗ ಹೇಳಿದ್ರೇನ ಬಂತ್ರಿ? ಮಂದ್ಯಾಗ ಹೇಳ್ರಿ. ನಮ್ಮತ್ತಿ ಕೇಳುವಂಗ ಹೇಳ್ರಿ. ಕಣ್ಣ ಬಂದಷ್ಟ ಬರ್ಲಿ."

"ಐತವಾರ ಹೇಳ್ತೇನ್ರಿ. ಖರೇನ ಹೇಳ್ತೇನಿ."

ಆ ಭಾನುವಾರ ಟೆಲಿಸ್ಕೋಪು ಹೊರಗಿಟ್ಟು, ಕಾಗದದ ಮೇಲೆ ಸೂರ್ಯನನ್ನು ಬೀಳಿಸಿ, ಓಣಿಯವರನ್ನೆಲ್ಲ ಕರೆದೆ. ವೈನಿ ತಮ್ಮ ಮನೆಯೊಳಗಿನಿಂದ ಮಣೆ ತಂದು ಬಾಗಿಲ ಹೊರಗೆ ಹಾಕಿ, ಅತ್ತೆಯನ್ನು ಕೈಹಿಡಿದು ಕರೆತಂದು ಕೂರಿಸಿದರು. "ಟೀಚರ ಒಂದ ಮಾತ ಹೇಳಾವರ ಅದಾರ, ಕೇಳ್ರಿ" ಎಂದದ್ದು ನನಗೂ ಕೇಳಿಸಿತು.

ಸಾಹುಕಾರರೂ ಬಂದರು. "ಇವತ್ತ ನೇರ ದರ್ಶನ ಇಲ್ಲೇನ್ರಿ ಟೀಚರ?"

ಎಲ್ಲರೂ ನನ್ನತ್ತ ನೋಡಿದರು. ರಾತ್ರಿಯೆಲ್ಲ ಉರುಹೊಡೆದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಇಲ್ರಿ" ಎಂದೆ. "ಹಸರ ಗಾಜ ಒಡದ ಹೋಗೇತ್ರಿ."

"ಹೌದಲ್ರಿ, ನಮ್ಮಾಕಿನ ಒಡದಾಳಲ್ಲ" ಎಂದರು ಅತ್ತೆ. ಜನ ನಕ್ಕರು. "ಪಾಪ, ಟೀಚರ ಒಂದ ಮಾತ ಅನ್ನಲಿಲ್ಲ" ಎಂದರು ಸಾಹುಕಾರರು.

ಅಲ್ಲ, ನಾನೇ, ಎನ್ನುವುದಕ್ಕೆ ಆಗಲೂ ಹೊತ್ತು ಮೀರಿರಲಿಲ್ಲ. ನಾನು ಕಾಗದವನ್ನು ಅತ್ತಿತ್ತ ಸರಿಸುತ್ತ, ಸೂರ್ಯನ ಅಂಚನ್ನು ಸರಿಮಾಡುತ್ತ ನಿಂತೆ. ವೈನಿ ನನ್ನ ಮುಖ ನೋಡುತ್ತಿದ್ದಾರೆಂದು ತಲೆ ಎತ್ತದೆಯೂ ಗೊತ್ತಾಗುತ್ತಿತ್ತು.

"ಏಳ್ರಿ ಅತ್ತಿ, ಒಳಗ ನಡೀರಿ" ಎಂದರು ಆಮೇಲೆ. "ಹೇಳೂದೇನಿಲ್ಲಂತ."

ಮಣೆಯನ್ನೂ ಎತ್ತಿಕೊಂಡು ಹೋದರು.