ಅವ್ವ ಆರಿಸಿದ ಮಾಸಲು ಕಾರ್ಬೊರೇಟರ್

ಆಗೆಲ್ಲ ಖಾನಾಪುರದಲ್ಲಿ ಹೆಂಗಸೊಬ್ಬಳು ಮೊಪೆಡ್ ಓಡಿಸಿದರೆ ಇಡೀ ಓಣಿಯೇ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಎಂಬತ್ತರ ದಶಕದ ಮಾತು. ಅಪ್ಪ ತೀರಿಕೊಂಡ ಮೇಲೆ ಅವ್ವನಿಗೆ ಹತ್ತಿರದ ಬೀಡಿ ಎಂಬ ಊರಿನ ಶಾಲೆಯಲ್ಲಿ ಹಂಗಾಮಿ ಕೆಲಸ ಸಿಕ್ಕಿತ್ತು. ಆ ಚಳಿಗಾಲ ಅವ್ವನ ಮೊಪೆಡ್‌ನ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಕೆಟ್ಟಿತು. ಬಸ್ಸು ನಂಬಿ ಅವ್ವ ತಡವಾಗಿ ಹೋದಳು. ಮತ್ತೆ ತಡವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿಬಿಟ್ಟರು.

"ಸಾಕು ಬಿಡ್ರಿ ವೈನಿ, ಗಾಡಿ ನಿಮ್ಮ ಕೈಲೆ ಆಗೂದಲ್ಲ" ಎಂದರು ಅಪ್ಪನ ತಮ್ಮ, ನಮ್ಮ ಕಾಕಾ.

"ಗಾಡಿ ನಾ ನೋಡ್ಕೋತೀನಿ. ನೀವು ಚಾ ಕುಡೀರಿ."

ಶನಿವಾರ ಮೊಪೆಡ್ಡನ್ನು ಟೆಂಪೊದಲ್ಲಿ ಹಾಕಿಕೊಂಡು ಬೆಳಗಾವಿಯ ಕ್ಯಾಂಪ್ ಪೇಟೆಗೆ ಹೋದೆವು. ಕಂಪನಿ ಮಾಲು ಇರಲಿಲ್ಲ. ಅಂಗಡಿಯ ಚಾಚಾ ಎರಡು ಡೂಪ್ಲಿಕೇಟ್ ತೆಗೆದಿಟ್ಟರು. ಒಂದು ಥಳಥಳ ಹೊಳೆಯುತ್ತಿತ್ತು, ಇನ್ನೊಂದು ಮಾಸಲು, ಒರಟು.

"ಎರಡೂ ಒಯ್ರಿ ಬಾಯಾರ, ಬ್ಯಾಡಾದ್ದು ತಿರುಗಿ ತರ್ರಿ."

ಹೊಳೆಯುವುದೇ ಬೇಕೆಂದು ನಾನು ಹಟ ಹಿಡಿದೆ. ಚಾಚಾ ಅದನ್ನೇ ಕೂಡಿಸಿ, ಮಧ್ಯಾಹ್ನದ ಬಿಸಿಲಲ್ಲಿ ಟ್ಯೂನ್ ಮಾಡಿಕೊಟ್ಟರು. ಗಾಡಿ ಗುನುಗುತ್ತ ಊರು ಸೇರಿತು.

ರವಿವಾರ ಮುಂಜಾನೆಯ ಮಂಜಿನಲ್ಲಿ ಅದೇ ಗಾಡಿ ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು.

"ಬಿಸಲಾಗ ಹಚ್ಚಿದ್ದು ಥಂಡಿಗೆ ಹೆಂಗ ನಡೀತೈತಿ" ಎಂದು ಅವ್ವ ಸೆರಗು ಸಿಕ್ಕಿಸಿ ಕೂತಳು. ಗಾಳಿಯ ಸ್ಕ್ರೂ ತಿರುಗಿಸಿದಾಗ ಗಾಡಿ ಹೊರಟಿತು. ಬೀಡಿ ರಸ್ತೆಯ ಗುಂಡಿಗಳಲ್ಲಿ ಎದ್ದುಬಿದ್ದ ಮೇಲೆ ಮತ್ತೆ ನಿಂತಿತು. ಸ್ಕ್ರೂ ಹಿಡಿಯುವ ಸ್ಪ್ರಿಂಗ್ ಮೆತ್ತಗಿತ್ತು, ಟ್ಯೂನ್ ಅಲುಗಿಹೋಗಿತ್ತು. ಎಂಥ ಕಳ್ಳ ಹೊಳಪು ಅದು.

ತಳ್ಳಿಕೊಂಡೇ ಮನೆಗೆ ಬಂದು ಮಾಸಲನ್ನು ಕೂಡಿಸಿದೆವು. ಅದರ ಸ್ಕ್ರೂ ತಿರುಗಿಸಲು ಅವ್ವನ ಬೆರಳು ಕೆಂಪಾದವು. ಆದರೆ ತಿರುಗಿಸಿದಲ್ಲೇ ನಿಂತಿತು. ಒಂದು ಸುತ್ತು ಓಡಿಸುವುದು, ಕಿಡಿ ಹಾರಿಸುವ ಪ್ಲಗ್ ಬಿಚ್ಚುವುದು, ಒರೆಸಿ ಹಾಕಿದ್ದ ಅದರ ತುದಿ ಈ ಸಲ ಯಾವ ಬಣ್ಣಕ್ಕೆ ಸುಟ್ಟಿದೆಯೆಂದು ನೋಡುವುದು.

"ನಿನ್ನ ಕಣ್ಣು ಚುರುಕು. ನೋಡವ್ವಾ, ಎಂಥಾ ಬಣ್ಣ ಐತಿ?"

ಕಪ್ಪಿದ್ದರೆ ಪೆಟ್ರೋಲು ಹೆಚ್ಚು, ಬಿಳುಪಿದ್ದರೆ ಕಡಿಮೆ. ಪೆಟ್ರೋಲು ನಾರುವ ಕೈಯಲ್ಲೇ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಕಾಕಾ ಮೂಗು ಮುರಿದರು. ಸೋಮವಾರ ನಸುಕಿನ ಚಳಿಯಲ್ಲಿ ಇನ್ನೊಮ್ಮೆ ತಿರುಗಿಸಿ, ಓಡಿಸಿ, ಪ್ಲಗ್ ಬಿಚ್ಚಿದಾಗ ಹುರಿದ ಶೇಂಗಾ ಸಿಪ್ಪೆಯ ಬಣ್ಣ ಬಂದಿತ್ತು, ಕಪ್ಪೂ ಅಲ್ಲ, ಬಿಳುಪೂ ಅಲ್ಲ.

ಅವ್ವ ಪೆಡಲ್ ಒದ್ದಳು. ಒಂದೇ ಒದೆತಕ್ಕೆ ಗಾಡಿ ಹೊರಟಿತು.

ಸಂಜೆ ಬಂದವಳು ಕಾಕಾನಿಗೆ ಕೇಳುವಂತೆ ಹೇಳಿದಳು: "ಇವತ್ತ ಸಾಲಿ ಬಾಗಲಾ ತಗಸಿದಾಕಿನ ನಾನು."

ಆ ಕೆಲಸ ಉಳಿಯಿತು, ಮುಂದೆ ಕಾಯಂ ಕೂಡ ಆಯಿತು. ನಾನು ಓದಿದ್ದು ಅದರ ಸಂಬಳದಲ್ಲೇ.

ಈಗ ಬೆಳಗಾವಿಯ ಹಿಂದವಾಡಿಯ ಮನೆಯಲ್ಲಿ ನನ್ನ ಸ್ಕೂಟರ್ ಗುಂಡಿ ಒತ್ತಿದರೆ ಸಾಕು, ಹೊರಡುತ್ತದೆ. ತಿರುಗಿಸಲು ಸ್ಕ್ರೂ ಇಲ್ಲ. ಕೆಟ್ಟರೆ ಶೋರೂಮಿನವರು ಒಯ್ದು ತಂದು ಕೊಡುತ್ತಾರೆ. ಸುಖವೇ, ಇಲ್ಲವೆನ್ನುವುದಿಲ್ಲ. ಆದರೆ ಪ್ಲಗ್ ಮುಂದೆ ಹಿಡಿದು, ಎಂಥಾ ಬಣ್ಣ ಐತಿ ಎಂದು ನನ್ನನ್ನು ಕೇಳಲು ಅವ್ವ ಇಲ್ಲ.