ಮುಂದಿನ ಗಾಲಿಯ ಟಕ್ ಟಕ್

ಗೆಳೆಯರೇ, ಮೂರು ವಾರದಿಂದ ನನ್ನ ತಲೆ ತಿನ್ನುತ್ತಿದ್ದ ಸದ್ದು ಇಂದು ಸಿಕ್ಕಿಬಿತ್ತು. ಕಮಲಾಪುರದ ದಾರಿಯಲ್ಲಿ ಕಾರು ಎಡಕ್ಕೆ ತಿರುಗಿದಾಗಲೆಲ್ಲ ಮುಂದಿನ ಗಾಲಿಯಿಂದ ಟಕ್ ಟಕ್. ಸ್ಟೇಶನ್ ಬಜಾರದ ಗ್ಯಾರೇಜಿಗೆ ಒಯ್ದರೆ ಮಾತ್ರ ಗಪ್‌ಚುಪ್. ಮೆಕ್ಯಾನಿಕ್ ಮೌಲಾಸಾಬ್ ಎರಡು ಸಲ ಗಾಲಿ ಬಿಚ್ಚಿ ನೋಡಿದರು.

"ಗಾಡಿ ಏಕದಂ ಚಲೋ ಅದರೀ ಸಾಹೇಬ್ರ. ನಿಮ್ಮ ಕಿವಿ ಒಮ್ಮಿ ತೋರಿಸ್ಕೋರಿ" ಎಂದಿದ್ದರು.

ಇಂದು ಹಟ ಹಿಡಿದು ಅವರನ್ನೇ ಗಾಜಿಪುರದ ನಮ್ಮ ಮನೆಗೆ ಕರೆತಂದೆ. ಬಗ್ಗಿ ನೋಡಿದವರು ನಗತೊಡಗಿದರು. ಗಾಲಿಯ ಹಿಂದೆ ಕಪ್ಪು ದಾರದಲ್ಲಿ ಕುದುರೆಯ ಲಾಳವೊಂದು ತೂಗುತ್ತಿತ್ತು! ಕಾರಿಗೆ ದೃಷ್ಟಿ ತಾಗದಿರಲೆಂದು ಅವ್ವ ಕಟ್ಟಿದ್ದಂತೆ.

"ಗ್ಯಾರೇಜಿನ್ಯಾಗ ಇದು ಇರಲಿಲ್ಲಲ್ಲವ್ವಾ?"

"ಅಲ್ಲಿ ಯಾರರೆ ಬಿಚ್ಕೊಂಡು ಹೋದ್ರ? ನೀ ಗ್ಯಾರೇಜಿಗೆ ಹೊಂಟಾಗೆಲ್ಲ ನಾನ ಬಿಚ್ಚಿ ಒಳಗ ಇಡ್ತಿದ್ದೆ."

"ಈ ಲಾಳದಿಂದ ಏನ್ ಉಪಯೋಗ ಆತು ಹೇಳು?"

"ಎರಡು ಸಲ ಬಿಚ್ಚಿ ನೋಡಿದ್ರೂ ಗಾಡಿಗೆ ಏನೂ ಆಗಿಲ್ಲಂತ ಇವರ ಹೇಳ್ಯಾರಲ್ಲೋ. ಇನ್ನೇನು ಬೇಕು ನಿನಗ?"

ಮೌಲಾಸಾಬ್ ಹೌದೆಂದು ತಲೆಯಾಡಿಸಿ, ಲಾಳವನ್ನು ಹಿಂದಿನ ಬಂಪರಿಗೆ ಬಿಗಿಯಾಗಿ ಕಟ್ಟಿಕೊಟ್ಟರು. ಮೂರು ವಾರ ಗ್ಯಾರೇಜಿಗೆ ಅಲೆದು ಅವ್ವನ ಲಾಳಕ್ಕೆ ಸರ್ಟಿಫಿಕೇಟು ತಂದುಕೊಟ್ಟವನು ನಾನೇ.